ಬೋಳು ಗಾಡಿ, ಅವ್ವನ ಬೆಲ್ಲ

ಹಿಡಿದ ಕೆಲಸ ಮುಗಿಸುವುದು ನನ್ನ ಜಾಯಮಾನದಲ್ಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಐವತ್ತು ವರ್ಷ ಬೇಕಾಯಿತು. ನನ್ನ ಹೆಂಡತಿಗೆ ಮದುವೆಯಾದ ಮೂರನೇ ವಾರಕ್ಕೇ ಗೊತ್ತಾಗಿತ್ತಂತೆ. ಕಾಗವಾಡದ ಹೊರಗೆ, ದ್ರಾಕ್ಷಿ ಪಡಕ್ಕೂ ಕಬ್ಬಿನ ಹೊಲಕ್ಕೂ ನಡುವೆ ನಮ್ಮ ತೋಟದ ಮನೆ. ಅದರ ಹಿತ್ತಲಿಗೆ ಹೋದರೆ ಸಾಕ್ಷಿಗಳೆಲ್ಲ ನಿಂತೇ ಇವೆ: ಕನ್ನಡಿ ಕೂರಿಸದ ಬಿಸಿಲೊಲೆ, ಮುಚ್ಚಳ ಕಾಣದ ಗೋಬರ್ ಗ್ಯಾಸಿನ ಗುಂಡಿ, ಹಗ್ಗ ಬೀಳದ ಜೋಕಾಲಿಯ ಕಂಬ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿರುವ ನನ್ನ ಹೆಂಡತಿ, ಮನೆಗೆ ಬಂದ ನೆಂಟರಿಗೆ ಚಹಾ ಕುಡಿಸಿದ ಮೇಲೆ ಅಲ್ಲಿಗೆ ಕರೆದೊಯ್ದು ಒಂದೊಂದನ್ನೇ ತೋರಿಸುತ್ತಾಳೆ. ಯಾವುದು ಯಾವ ವರ್ಷ ನಿಂತಿತು ಎಂಬುದೂ ಅವಳಿಗೆ ಬಾಯಿಪಾಠ.

ಇದಕ್ಕೆ ಕಾರಣ ಸೋಮಾರಿತನವಲ್ಲ, ಸಿಟ್ಟು. ಬೋಲ್ಟು ಜಗ್ಗದಿದ್ದರೆ ನಾನು ಕೈಯಲ್ಲಿರುವ ಪಾನಾ, ಅಂದರೆ ಸ್ಪ್ಯಾನರ್, ಬೀಸಿ ಒಗೆಯುತ್ತೇನೆ. ಅದು ಹೋಗಿ ಕಬ್ಬಿನೊಳಗೆ ಬೀಳುತ್ತದೆ. ಒಗೆದವನೇ ಹುಡುಕಲು ಹೋದರೆ ಸಿಟ್ಟಿಗೆ ಏನು ಮರ್ಯಾದೆ ಉಳಿಯಿತು? ಹೀಗಾಗಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಬ್ಬು ಕಡಿಯುವವರು ಪ್ರತಿ ಹಂಗಾಮಿನಲ್ಲೂ ಎರಡು ಮೂರು ಪಾನಾ ಆರಿಸಿ ತಂದು, ನಗುತ್ತ ನಮ್ಮ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಲ್ಲಿ ಮಾತ್ರ ನನ್ನ ಕೆಲಸ ಎಂದೂ ಅರ್ಧಕ್ಕೆ ನಿಂತಿಲ್ಲ. ಅಲ್ಲಿ ಪಾನಾ ಕಾರ್ಖಾನೆಯದು.

ಅದೇ ಕಾರ್ಖಾನೆಯಲ್ಲಿ ದಿಗ್ಗೇವಾಡಿಯ ನನ್ನ ಗೆಳೆಯ ಟರ್ನರ್. ಲೇತ್ ಮುಂದೆ ನಿಂತು ಕಬ್ಬಿಣವನ್ನು ಕೂದಲೆಳೆ ಲೆಕ್ಕದಲ್ಲಿ ಕೆತ್ತುವವನು. ನನ್ನಷ್ಟು ಮಾತು ಅವನಿಗಿಲ್ಲ, ಸಿಟ್ಟಂತೂ ಇಲ್ಲವೇ ಇಲ್ಲ. ಯಾವ ಮಾತನ್ನಾದರೂ ಒಂದೇ ಸಲ ಹೇಳುತ್ತಾನೆ. ಕೇಳಿದರೆ ಕೇಳಿದೆವು, ಬಿಟ್ಟರೆ ಬಿಟ್ಟೆವು. ಹೋದ ವರ್ಷ ಕಬ್ಬು ಅರೆಯುವ ಹಂಗಾಮು ಮುಗಿದು ಮಷಿನ್‌ಗಳೆಲ್ಲ ತಣ್ಣಗಾದ ದಿನ, ಅವನು ಮೊಬೈಲಿನಲ್ಲಿ ನನಗೊಂದು ವಿಡಿಯೋ ತೋರಿಸಿದ. ಹಿಂದೆ ಅಮೆರಿಕದ ಹುಡುಗರು ಗುಜರಿಗೆ ಬಿದ್ದ ಕಾರು ತಂದು, ಟಪ್ಪು ಕತ್ತರಿಸಿ, ಗಾಲಿಯ ಮೇಲಿನ ಮಡ್‌ಗಾರ್ಡು ಕಿತ್ತು, ಬೇರೆ ಯಾವುದೋ ಗಾಡಿಯ ಇಂಜಿನ್ ಕೂರಿಸಿ, ಎರಡೇ ಸೀಟಿನ ಬೋಳು ಗಾಡಿ ಮಾಡಿಕೊಳ್ಳುತ್ತಿದ್ದರಂತೆ. ಹಾಟ್ ರಾಡ್ ಅಂತ ಅದಕ್ಕೆ ಹೆಸರು. ಇಂಜಿನ್ನಿಗೆ ಮುಚ್ಚಳ ಕೂಡ ಇಲ್ಲ, ಎಲ್ಲ ಬಟಾಬಯಲು. ನೋಡಿದ ಕೂಡಲೇ ನನಗೆ ಹುಚ್ಚು ಹಿಡಿಯಿತು. ಇದಕ್ಕೆ ಅಮೆರಿಕ ಯಾಕೆ, ನಮ್ಮ ಹಿತ್ತಲೇ ಸಾಕು ಎಂದೆ.

"ಮಾಡತಿ. ಆದ್ರ ಮುಗಸೂದಿಲ್ಲ," ಎಂದ ಗೆಳೆಯ.

ಒಂದೇ ಸಲ ಹೇಳಿದ. ಮರುದಿನವೇ ನಾನು ಸಾಮಾನು ಹುಡುಕಲು ಹೊರಟೆ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಆ ದಾರಿಯಲ್ಲಿ ನಾನು ಆ ಬೇಸಿಗೆಯಲ್ಲಿ ಸುತ್ತಿದ್ದು ಕಮ್ಮಿಯಲ್ಲ. ಚಿಕ್ಕೋಡಿಯ ಒಂದು ಮನೆಯ ಹಿಂದೆ ಹಳೆಯ ಜೀಪಿನ ಚಾಸಿ, ಗಾಲಿ ಮತ್ತು ಗೇರ್‌ಬಾಕ್ಸ್ ಸಮೇತ ಬಿದ್ದಿದೆ ಎಂದು ಸುದ್ದಿ ಸಿಕ್ಕಿತು. ಹೋಗಿ ನೋಡಿದರೆ ಅದರ ಮೇಲೆ ಹೀರೇಬಳ್ಳಿ ಹಬ್ಬಿ ಹೂಬಿಟ್ಟಿದೆ. ಗಂಡ ಒಯ್ಯಿರಿ ಅಂದ. ಹೆಂಡತಿ ಅಡ್ಡ ನಿಂತಳು. ಹೀರೇಕಾಯಿ ಮುಗಿಯುವ ತನಕ ಚಾಸಿ ಅಲುಗಾಡಿಸುವ ಹಾಗಿಲ್ಲ ಎಂದಳು. ನಾನು ಸಿಟ್ಟಾದೆ, ಅವಳು ನನಗಿಂತ ಜಾಸ್ತಿ ಸಿಟ್ಟಾದಳು. ಕೊನೆಗೆ ಒಂದು ಚೀಲ ಹೀರೇಕಾಯಿ ಹಿಡಿದುಕೊಂಡು ವಾಪಸು ಬಂದೆ. ಒಂದು ತಿಂಗಳ ಮೇಲೆ ಅವಳೇ ಫೋನ್ ಮಾಡಿಸಿ ಕರೆದು, ಬಳ್ಳಿ ಕಿತ್ತು ಜಾಗ ಮಾಡಿಕೊಟ್ಟಳು. ರಾಯಬಾಗದಲ್ಲಿ ಮುರಿದ ಟೆಂಪೋ ಒಂದರ ಸ್ಟೇರಿಂಗ್ ಸಿಕ್ಕಿತು. ನಿಪ್ಪಾಣಿಯ ಗುಜರಿಯಲ್ಲಿ, ಎಂದೋ ಮುಚ್ಚಿದ ಟಾಕೀಸಿನ ಎರಡು ಕುರ್ಚಿಯ ಚೌಕಟ್ಟು ಸಿಕ್ಕವು. ಬಾಲ್ಕನಿಯವೇ ಕೊಡು ಎಂದು ಹಟ ಹಿಡಿದು ಆರಿಸಿ ತಂದೆ.

ಗಾಡಿಯ ಹಿಂಭಾಗ ದುಂಡಗಿರಬೇಕು. ವಿಡಿಯೋದಲ್ಲಿ ಹಾಗೇ ಇತ್ತು. ಅಂಥ ದುಂಡು ತಗಡು ಎಲ್ಲಿಂದ ತರುವುದು ಎಂದು ತಲೆ ಕೆರೆದುಕೊಳ್ಳುವಾಗ, ಪಕ್ಕದ ತೋಟದವರು ಬೆಲ್ಲ ಕಾಯಿಸುವ ತಮ್ಮ ತೂತುಬಿದ್ದ ಕೊಪ್ಪರಿಗೆಯನ್ನು ಎಮ್ಮೆಗೆ ನೀರಿಡಲು ಬಳಸುತ್ತಿದ್ದುದು ಕಣ್ಣಿಗೆ ಬಿತ್ತು. ಎಮ್ಮೆಗೆ ಸಿಮೆಂಟಿನ ತೊಟ್ಟಿ ಕಟ್ಟಿಸಿಕೊಟ್ಟು ಕೊಪ್ಪರಿಗೆ ತಂದೆ. ಗ್ಯಾಸಿನಲ್ಲಿ ಅರ್ಧಕ್ಕೆ ಕತ್ತರಿಸಿ ಹಿಂದೆ ಕೂರಿಸಿದಾಗ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಗೆಳೆಯ ಕೂಡ ಸುಮ್ಮನೆ ಒಂದು ಸುತ್ತು ತಿರುಗಿ ನೋಡಿ ತಲೆಯಾಡಿಸಿದ.

ಇಂಜಿನ್ ಮಾತ್ರ ಮನೆಯದು. ನಮ್ಮ ಅಪ್ಪ ಇರುವ ತನಕ ನಮ್ಮದೇ ಗಾಣವಿತ್ತು. ಕಬ್ಬು ಅರೆದು, ಅದರ ಹಾಲು ಕಾಯಿಸಿ, ಬೆಲ್ಲ ಮಾಡುವ ಗಾಣ. ಅದನ್ನು ತಿರುಗಿಸುತ್ತಿದ್ದ ಒಂಟಿ ಸಿಲಿಂಡರಿನ ಡೀಸೆಲ್ ಇಂಜಿನ್ ತಾಡಪತ್ರಿಯ ಕೆಳಗೆ ಹದಿನೈದು ವರ್ಷದಿಂದ ಮಲಗಿತ್ತು. ಆ ಗಾಣದಲ್ಲಿ ಇಂಜಿನ್ ಅಪ್ಪನದಾದರೆ ಪಾಕ ಅವ್ವನದು. ಕುದಿಯುವ ಕೊಪ್ಪರಿಗೆಯಿಂದ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹಿಚುಕಿ, ಇಳಿಸು ಎಂದು ಅವ್ವ ಹೇಳುವ ತನಕ ಯಾರೂ ಕೊಪ್ಪರಿಗೆಗೆ ಕೈ ಹಚ್ಚುತ್ತಿರಲಿಲ್ಲ.

ಬೆಲ್ಲವೆಂದರೆ ಅವ್ವನಿಗೆ ಜೀವ. ಚಹಾಕ್ಕೆ ಬೆಲ್ಲ, ರೊಟ್ಟಿಯ ಕೊನೆಯ ತುತ್ತಿಗೆ ಬೆಲ್ಲ ತುಪ್ಪ, ಮಧ್ಯಾಹ್ನ ಮಲಗುವ ಮುಂಚೆ ಬಾಯಿಗೊಂದು ಚೂರು ಬೆಲ್ಲ. ಮಗ ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ದುಡಿದರೂ ಅವಳ ಮುಂದೆ ಸಕ್ಕರೆಗೆ ಬೆಲೆಯಿಲ್ಲ. ಸಕ್ಕರೆ ಚಹಾ ಜ್ವರ ಬಂದವರಿಗೆ ಎನ್ನುತ್ತಾಳೆ. ಎಪ್ಪತ್ತಾರು ವರ್ಷದ ಅವ್ವನಿಗೆ ಸಕ್ಕರೆ ಕಾಯಿಲೆ ಇಲ್ಲ. ಇರುವುದು ಮೊಣಕಾಲು ನೋವು ಒಂದೇ. ಅದರಿಂದಾಗಿ ಎರಡು ವರ್ಷದಿಂದ ಬಸದಿಗೆ ನಡೆದು ಹೋಗುವುದು ನಿಂತಿತ್ತು. ಪರ್ವದ ದಿನಗಳಲ್ಲಿ ರಿಕ್ಷಾ ಕರೆಸುತ್ತಿದ್ದೆ. ರಿಕ್ಷಾ ಅವಳಿಗೆ ಸೇರುತ್ತಿರಲಿಲ್ಲ. ಹತ್ತಿದ್ದು ಗೊತ್ತು, ಇಳಿದದ್ದು ಗೊತ್ತು, ನಡುವೆ ಊರೇ ಕಾಣುವುದಿಲ್ಲ ಎಂದು ಗೊಣಗುತ್ತಿದ್ದಳು.

ಆಷಾಢದಲ್ಲಿ ನಮ್ಮ ಬಸದಿಗೆ ಒಬ್ಬ ಮಾತಾಜಿ ಚಾತುರ್ಮಾಸಕ್ಕೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಸಂನ್ಯಾಸಿನಿಯರು ಒಂದೇ ಊರಲ್ಲಿ ನಿಲ್ಲುತ್ತಾರೆ. ಆಗ ನಮ್ಮಂಥ ಶ್ರಾವಕರು ಅವರ ಮುಂದೆ ಒಂದೊಂದು ನೇಮ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ಒಬ್ಬರು ಹಸಿ ತರಕಾರಿ ಬಿಡುತ್ತಾರೆ, ಒಬ್ಬರು ಟಿವಿ ಬಿಡುತ್ತಾರೆ. ನಾನು ಪ್ರತಿ ವರ್ಷ ಬದನೆಕಾಯಿ ಬಿಡುತ್ತೇನೆ, ಏಕೆಂದರೆ ಅದು ನನಗೆ ಮೊದಲೇ ಸೇರುವುದಿಲ್ಲ. ಆ ದಿನ ಪ್ರವಚನ ಮುಗಿದ ಮೇಲೆ ಹೆಂಗಸರ ಸಾಲಿನಿಂದ ಅವ್ವ ಗೋಡೆ ಹಿಡಿದು ಎದ್ದು ನಿಂತಳು.

"ಮಾತಾಜಿ, ನನ್ನ ಮಗಾ ಹಿತ್ತಲದಾಗ ಒಂದು ಗಾಡಿ ಮಾಡಾಕತ್ತಾನ್ರಿ. ಅಂವಾ ಯಾವ ಕೆಲಸಾನೂ ಮುಗಸೂದಿಲ್ಲ. ಆ ಗಾಡ್ಯಾಗ ಕುಂತು ನಾ ಈ ಬಸದಿಗೆ ಬಂದು ದರ್ಶನ ತಗೊಳ್ಳೂತನಕ ಬೆಲ್ಲಾ ಬಿಟ್ಟೇನ್ರಿ."

ಬಸದಿಗೆ ಬಸದಿಯೇ ನಕ್ಕಿತು. ನಗದವರು ಇಬ್ಬರೇ, ಮಾತಾಜಿ ಮತ್ತು ನಾನು. ಯೋಚಿಸಿ ಹೇಳುತ್ತಿದ್ದೀರಾ, ನೇಮ ತೆಗೆದುಕೊಂಡ ಮೇಲೆ ನಡುವೆ ಬಿಡುವ ಹಾಗಿಲ್ಲ ಎಂದು ಮಾತಾಜಿ ಎರಡು ಸಲ ಕೇಳಿದರು. ಅವ್ವ ಎರಡು ಸಲವೂ ಹೌದೆಂದಳು. ಮಾತಾಜಿ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿಬಿಟ್ಟರು.

ಮನೆಗೆ ಬಂದು ನಾನು ಕೂಗಾಡಿದ್ದು ಪಕ್ಕದ ತೋಟಕ್ಕೂ ಕೇಳಿಸಿತಂತೆ. ಇಡೀ ಊರ ಮುಂದೆ ನನ್ನ ಮಾನ ಕಳೆದೆಯಲ್ಲ ಎಂದೆ. ಯಾರನ್ನು ಕೇಳಿ ನೇಮ ತೆಗೆದುಕೊಂಡೆ ಎಂದೆ. ಅವ್ವ ಬೀಸುವ ಕಲ್ಲಿನ ಹಾಗೆ ತಣ್ಣಗೆ ಕೂತಿದ್ದಳು. ನಾನು ಮುಗಿಸಿದರೆ ಬೇಗ ತಿನ್ನುತ್ತಾಳಂತೆ, ಮುಗಿಸದಿದ್ದರೆ ಅದು ಅವಳ ಹಣೆಬರಹವಂತೆ. ಅಷ್ಟೇ ಅವಳ ಉತ್ತರ. ಹಾಗಾದರೆ ನಾನು ಮುಟ್ಟುವುದೇ ಇಲ್ಲ ಎಂದು ಮೂರು ದಿನ ಹಿತ್ತಲಿಗೆ ಕಾಲಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅವ್ವ ಬೆಲ್ಲವಿಲ್ಲದ ಚಹಾ ಕುಡಿಯುವುದನ್ನು ನೋಡಿದೆ. ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದಳು, ಮುಖ ಕಿವುಚಲಿಲ್ಲ, ಬಸಿ ಕೆಳಗಿಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡಿದಳು, ಮತ್ತೆ ಕುಡಿದಳು. ಅಂದು ಕಾರ್ಖಾನೆಯಿಂದ ಬಂದವನು ಬಟ್ಟೆ ಕೂಡ ಬದಲಿಸದೆ ವೆಲ್ಡಿಂಗ್ ಹಚ್ಚಿದೆ.

ಅಲ್ಲಿಂದ ಪ್ರತಿ ಭಾನುವಾರ ಗೆಳೆಯ ದಿಗ್ಗೇವಾಡಿಯಿಂದ ಬರುತ್ತಿದ್ದ. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆಯೇ ಊಟ. ಐದೂವರೆಗೆ ಅವ್ವ ಕರೆದಳೆಂದರೆ ಕೈಯಲ್ಲಿದ್ದ ಕಬ್ಬಿಣ ಅಲ್ಲೇ ಇಡಬೇಕು. ಅವನು ಇಲ್ಲಿ ಐದೂವರೆಗೆ ಉಂಡು, ತನ್ನ ಮನೆಗೆ ಹೋಗಿ ಎಂಟಕ್ಕೆ ಮತ್ತೆ ಉಣ್ಣುತ್ತಿದ್ದ. ಈ ಗಾಡಿ ಮುಗಿಯುವುದರೊಳಗೆ ತಾನು ಸೀಟಿನಲ್ಲಿ ಹಿಡಿಸುವುದಿಲ್ಲ ಎಂದು ಅವನೇ ಹೇಳಿಕೊಂಡ. ಅವ್ವ ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ನಮ್ಮನ್ನು ಕಾಯುತ್ತಿದ್ದಳು. ನಾನು ಪಾನಾ ಎತ್ತಿ ಒಗೆಯಲು ಹೋದಾಗಲೆಲ್ಲ ಕೆಮ್ಮುತ್ತಿದ್ದಳು. ಆ ಮಳೆಗಾಲದಲ್ಲಿ ಒಂದೇ ಒಂದು ಪಾನಾ ಕಬ್ಬಿಗೆ ಬೀಳಲಿಲ್ಲ.

ಒಂದು ಭಾನುವಾರ ಇಂಜಿನ್ ಬಿಚ್ಚಿ ತೊಳೆದು, ಡೀಸೆಲ್ ಪಂಪು ರಿಪೇರಿ ಮಾಡಿಸಿ, ನೆಲದ ಮೇಲೇ ಇಟ್ಟು ಚಾಲೂ ಮಾಡಿ ನೋಡಿದೆವು. ಗೆಳೆಯ ಹ್ಯಾಂಡಲ್ ಹಾಕಿ ತಿರುಗಿಸಿದ. ನಾಲ್ಕನೇ ಸುತ್ತಿಗೆ ಡಬ್ ಎಂದಿತು, ಆಮೇಲೆ ಡಬ್ ಡಬ್ ಡಬ್ ಎಂದು ಹತ್ತಿಕೊಂಡಿತು. ಹದಿನೈದು ವರ್ಷದ ಮೇಲೆ ಆ ಸದ್ದು ಕೇಳಿ ಅವ್ವ ಕಣ್ಣೊರೆಸಿಕೊಂಡಳು. ಇಂಥ ಹೊತ್ತಲ್ಲಿ ಗೆಳೆಯ ತಲೆ ವಾರೆ ಮಾಡಿ ಇಂಜಿನ್ನಿನ ದೊಡ್ಡ ಗಾಲಿಯನ್ನೇ ನೋಡುತ್ತ, "ಇದು ಉಲ್ಟಾ ತಿರಗತೈತೇನ್ಲೇ?" ಎಂದ.

ನನಗೆ ರೇಗಿತು. "ನಮ್ಮಪ್ಪನ ಇಂಜಿನ್ನಾ ನನಗ ಕಲಸಬ್ಯಾಡ," ಎಂದೆ.

"ಆತು," ಎಂದು ಅವನು ಚಿಂದಿಯಲ್ಲಿ ಕೈ ಒರೆಸಿಕೊಂಡ. ಮತ್ತೆ ಆ ಮಾತು ಎತ್ತಲಿಲ್ಲ. ಮುಂದಿನ ವಾರ, ಇಂಜಿನ್ನನ್ನು ಜೀಪಿನ ಗೇರ್‌ಬಾಕ್ಸಿಗೆ ನೇರವಾಗಿ ಜೋಡಿಸುವ ಒಂದು ದಪ್ಪ ಬಿಲ್ಲೆಯನ್ನು ಕೆತ್ತಿಕೊಂಡು ಬಂದ. ಅದು ಉಂಗುರ ಬೆರಳಿಗೆ ಕೂತಂತೆ ಕೂತಿತು.

ದೀಪಾವಳಿ ಮುಗಿಯುತ್ತಲೇ ಕಾರ್ಖಾನೆಯ ಹಂಗಾಮು ಶುರುವಾಯಿತು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಗೇಟಿಗೆ ಬಂದು ನಿಂತ ಮೇಲೆ ನಮಗೆ ರಜೆಯಿಲ್ಲ, ಭಾನುವಾರವೂ ಇಲ್ಲ. ಗಾಡಿ ತಾಡಪತ್ರಿಯ ಕೆಳಗೆ ಹೋಯಿತು. ಚಾತುರ್ಮಾಸ ಮುಗಿಸಿ ಮಾತಾಜಿ ಬೇರೆ ಊರಿಗೆ ಹೊರಟರು. ಹೋಗುವ ಮುಂಚೆ ಅವರ ಹತ್ತಿರ ಹೋಗಿ ನೇಮ ಸಡಿಲಿಸಿಕೊಳ್ಳೋಣವೇ ಎಂದು ನನ್ನ ಹೆಂಡತಿ ಮೆಲ್ಲಗೆ ಕೇಳಿದ್ದಕ್ಕೆ, ಅವ್ವ ಅವಳ ಜೊತೆ ಎರಡು ದಿನ ಮಾತು ಬಿಟ್ಟಳು.

ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಹಿಡಿದುಕೊಂಡು ಬಂದವರ ಕೈಯಿಂದ ಅವ್ವ ತೆಗೆದುಕೊಂಡಳು, ಒಳ್ಳೆಯ ಮಾತಾಡಿ ಕಳಿಸಿದಳು. ಆಮೇಲೆ ಕಟ್ಟೆಯ ಮೇಲೆ ಕೂತು, ಅಂಗೈಯಲ್ಲಿ ಹರವಿಕೊಂಡು, ಬೆಲ್ಲದ ಚೂರು ಬದಿಗಿಟ್ಟು ಎಳ್ಳನ್ನಷ್ಟೇ ಆರಿಸಿ ತಿಂದಳು. ಆ ವಾರವೆಲ್ಲ ಪಕ್ಕದ ತೋಟದ ಗಾಣ ನಡೆದಿತ್ತು. ಗಾಳಿ ಈ ಕಡೆ ಬೀಸಿದಾಗ ಹೊಸ ಬೆಲ್ಲದ ವಾಸನೆ ಮನೆ ತುಂಬುತ್ತಿತ್ತು. ಅವ್ವ ಹಿತ್ತಲ ಬಾಗಿಲಿಗೆ ಹೋಗಿ ನಿಂತು, ಅವರದು ಪಾಕ ಇಳಿಸುವ ಹೊತ್ತಾಯಿತು ಎಂದಳು. ಸ್ವಲ್ಪ ಹೊತ್ತಿಗೆ, ಇನ್ನೂ ಇಳಿಸಲಿಲ್ಲ ನೋಡು, ಮೂರ್ಖರು ಎಂದಳು. ವಾಸನೆಯಲ್ಲೇ ಪಾಕ ಹೇಳುವವಳು ಒಂದು ಹರಳು ಬೆಲ್ಲ ಬಾಯಿಗಿಡುವ ಹಾಗಿರಲಿಲ್ಲ, ಅದು ನನ್ನಿಂದ. ನನಗೆ ಆ ದಿನ ನನ್ನ ಮೇಲೆ ಬಂದಷ್ಟು ಸಿಟ್ಟು ಯಾವ ಬೋಲ್ಟಿನ ಮೇಲೂ ಬಂದಿಲ್ಲ.

ಹಂಗಾಮು ಮುಗಿದದ್ದೇ ತಡ, ಹದಿನೈದು ದಿನ ರಜೆ ಹಾಕಿದೆ. ಗೆಳೆಯನೂ ಹಾಕಿದ. ಅಕ್ಷಯ ತೃತೀಯಕ್ಕೆ ಗಾಡಿ ಬಸದಿಯ ಮುಂದೆ ನಿಲ್ಲಬೇಕು ಎಂದು ಅವನ ಮುಂದೆ ಶಪಥ ಮಾಡಿದೆ. ಆದಿನಾಥ ತೀರ್ಥಂಕರರು ವರ್ಷದ ಉಪವಾಸವನ್ನು ಕಬ್ಬಿನ ಹಾಲು ಕುಡಿದು ಬಿಟ್ಟ ದಿನ ಅದು. ಆ ದಿನ ಬಸದಿಯಲ್ಲಿ ಕಬ್ಬಿನ ಹಾಲಿನ ಅಭಿಷೇಕ. ಅವ್ವನ ಬೆಲ್ಲಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿದೆ?

ನಡುವೆ ಒಂದು ಎಡವಟ್ಟು ಮಾಡಿಕೊಂಡೆ. ಟಾಕೀಸಿನ ಕುರ್ಚಿಗಳಿಗೆ ಹೊದಿಕೆ ಬೇಕಿತ್ತು. ವಿಡಿಯೋದ ಗಾಡಿಗಳಲ್ಲಿ ಅಪ್ಪಟ ಚರ್ಮದ ಸೀಟು. ಚರ್ಮದ ಕೆಲಸಕ್ಕೆ ಅಥಣಿಯನ್ನು ಬಿಟ್ಟು ಬೇರೆ ಊರುಂಟೇ? ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಮನೆಗೆ ಒಯ್ದು ಕೊಟ್ಟೆ. ತಾವು ಎಂದೂ ಕುರ್ಚಿಗೆ ಚಪ್ಪಲಿ ಹೊಲಿದಿಲ್ಲ ಎಂದು ಅವರು ನಕ್ಕು, ಎಂಟು ದಿನದಲ್ಲಿ ಅಂಚಿಗೆಲ್ಲ ಹೆಣಿಗೆ ಹಾಕಿ, ಮದುಮಗನ ಚಪ್ಪಲಿಯ ಹಾಗೆ ಮಿರಿಮಿರಿ ಮಿಂಚುವ ಸೀಟು ಮಾಡಿಕೊಟ್ಟರು. ಹೆಮ್ಮೆಯಿಂದ ತಂದು ಅವ್ವನ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. ನನ್ನ ಮುಖ ನೋಡಿದಳು.

"ತೊಗಲಿನ ಮ್ಯಾಲ ಕುಂಡ್ರಿಸಿ ನನ್ನ ಬಸದಿಗೆ ಒಯ್ಯಾಂವೇನು?"

ನಾನು ಹುಟ್ಟಾ ಜೈನ. ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟು ಬಿಚ್ಚಿಟ್ಟು ಒಳಗೆ ಹೋಗುವುದನ್ನು ನಡೆಯಲು ಕಲಿತಾಗಿನಿಂದ ಕಲಿತವನು. ಆದರೆ ಅಥಣಿಗೆ ಎರಡು ಸಲ ಹೋಗಿ ಬಂದರೂ ಇದು ತಲೆಗೆ ಹೊಳೆದಿರಲಿಲ್ಲ. ನನ್ನ ಹೆಂಡತಿ ಒಳಗೆ ಹೋಗಿ ನಕ್ಕು ಬಂದಳು. ಚರ್ಮವನ್ನು ಬಿಚ್ಚಿ ಗೆಳೆಯನಿಗೆ ಕೊಟ್ಟೆ, ಅವನ ಮನೆಯ ಆರಾಮ ಕುರ್ಚಿ ಈಗ ನಮ್ಮೂರ ಶಾಸಕರ ಕುರ್ಚಿಗಿಂತ ಜೋರಾಗಿದೆ. ಅವ್ವ ಮತ್ತು ಹೆಂಡತಿ ಸೇರಿ ಹಳೆಯ ಸೀರೆಗಳನ್ನು ಕತ್ತರಿಸಿ ಸೀಟಿನ ಅಳತೆಗೆ ಎರಡು ಕೌದಿ ಹೊಲಿದರು. ಕೆಂಪು, ಹಳದಿ, ಹಸಿರು ಚೌಕಗಳ ಕೌದಿ ಹಾಕಿದ ಮೇಲೆ ಗಾಡಿಗೆ ನಿಜವಾದ ಕಳೆ ಬಂತು. ಇದನ್ನು ನಾನು ಆಗ ಒಪ್ಪಿಕೊಂಡಿರಲಿಲ್ಲ.

ಅಕ್ಷಯ ತೃತೀಯಕ್ಕೆ ಮೂರು ದಿನ ಇರುವಾಗ ಎಲ್ಲ ಮುಗಿಯಿತು. ಮುಗಿಯಿತು ಎಂಬ ಮಾತು ಬಾಯಲ್ಲಿ ಆಡಲು ನನಗೇ ಹೊಸದೆನಿಸಿತು. ಅವ್ವ ಮಣೆಯ ಮೇಲೆ, ಹೆಂಡತಿ ಬಾಗಿಲಲ್ಲಿ, ಗೆಳೆಯ ಹ್ಯಾಂಡಲ್ ಹಿಡಿದು ಮುಂದೆ. ಇಂಜಿನ್ ಡಬ್ ಡಬ್ ಎಂದಿತು. ನಾನು ಸೀಟಿಗೆ ಹತ್ತಿ ಕೂತು, ಕ್ಲಚ್ಚು ಒತ್ತಿ ಒಂದನೇ ಗೇರು ಹಾಕಿ, ಅವ್ವನ ಕಡೆ ಒಂದು ನೋಟ ಬೀರಿ, ಕ್ಲಚ್ಚು ಬಿಟ್ಟೆ.

ಗಾಡಿ ಹಿಂದಕ್ಕೆ ಹೊರಟಿತು.

ಹೋಗಿ ಜೋಳದ ಕಣಕಿಯ ಬಣವೆಗೆ ಕೊಪ್ಪರಿಗೆಯನ್ನು ಒತ್ತಿ ನಿಂತಿತು. ಗೇರು ತಪ್ಪಿರಬೇಕು ಎಂದುಕೊಂಡು ಬಣವೆಯಿಂದ ಎಲ್ಲರೂ ಸೇರಿ ತಳ್ಳಿ ತಂದೆವು. ಎರಡನೇ ಗೇರು ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಮೂರನೆಯದನ್ನು ಹಾಕುವ ಧೈರ್ಯ ಬರಲಿಲ್ಲ. ಕೊನೆಗೆ ಅನುಮಾನ ಬಂದು ರಿವರ್ಸ್ ಹಾಕಿದೆ. ಗಾಡಿ ಮೆಲ್ಲಗೆ, ಬಲು ಮೆಲ್ಲಗೆ, ಮುಂದಕ್ಕೆ ನಡೆಯಿತು.

ಗೆಳೆಯ ನಗಲಿಲ್ಲ. ಹ್ಯಾಂಡಲನ್ನು ಚಿಂದಿಯಲ್ಲಿ ಒರೆಸುತ್ತ ನಿಂತ. ಆಗ ನನಗೆ ಎಲ್ಲ ಹೊಳೆಯಿತು. ಕಾರಿನ ಇಂಜಿನ್ ಒಂದು ದಿಕ್ಕಿಗೆ ತಿರುಗಿದರೆ ನಮ್ಮ ಗಾಣದ ಇಂಜಿನ್ ಇನ್ನೊಂದು ದಿಕ್ಕಿಗೆ. ಚಿಕ್ಕವನಾಗಿದ್ದಾಗಿಂದ ನಾನು ನೋಡಿದ್ದು ಗಾಣದ ಗಾಲಿಯನ್ನೇ ಹೊರತು ಇಂಜಿನ್ನನ್ನಲ್ಲ. ಇಂಜಿನ್ನಿಂದ ಗಾಣಕ್ಕೆ ಹೋಗುವ ಉದ್ದನೆಯ ಪಟ್ಟಾವನ್ನು, ಅಂದರೆ ಬೆಲ್ಟನ್ನು, ಅಪ್ಪ ಯಾವಾಗಲೂ ನಡುವೆ ತಿರುವಿ, ಎಂಟರ ಅಂಕಿಯ ಹಾಗೆ ಹಾಕುತ್ತಿದ್ದ. ಇಂಜಿನ್ ಉಲ್ಟಾ ತಿರುಗಿದರೂ ಗಾಣ ಸರಿಯಾಗಿ ತಿರುಗಲಿ ಎಂದೇ ಆ ತಿರುವು. ಆ ತಿರುವನ್ನು ನಾನು ಸಾವಿರ ಸಲ ದಾಟಿಕೊಂಡು ಓಡಾಡಿದ್ದೆ. ಬಿಲ್ಲೆ ಹಾಕಿ ನೇರವಾಗಿ ಜೋಡಿಸುವಾಗ ಮರೆತಿದ್ದೆ. ಹೀಗಾಗಿ ನನ್ನ ಗಾಡಿಗೆ ಹಿಂದಕ್ಕೆ ಎಲ್ಲ ಗೇರು, ಮುಂದಕ್ಕೆ ಒಂದೇ. ಗೆಳೆಯ ಮಳೆಗಾಲದಲ್ಲೇ ಕೇಳಿದ್ದ. ಸಿಟ್ಟಿನ ಕೈಗೆ ಬುದ್ಧಿ ಕೊಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇದಕ್ಕೆ ಮದ್ದಿತ್ತು. ಹಿಂದಿನ ಅಚ್ಚನ್ನು ಪೂರಾ ಬಿಚ್ಚಿ, ಮೇಲಿನದು ಕೆಳಗಾಗುವಂತೆ ಬೋರಲು ಹಾಕಿ, ಹೊಸದಾಗಿ ವೆಲ್ಡಿಂಗ್ ಮಾಡಿದರೆ ಗಾಲಿಗಳು ಸರಿಯಾದ ದಿಕ್ಕಿಗೆ ತಿರುಗುತ್ತವೆ. ಆದರೆ ಅದು ಎರಡು ತಿಂಗಳ ಕೆಲಸ. ನಾನು ಅವ್ವನ ಮುಂದೆ ಕೂತು ಇದನ್ನೆಲ್ಲ ಬಿಡಿಸಿ ಹೇಳಿದೆ. ಇನ್ನೆರಡು ತಿಂಗಳು ತಡೆ, ಇಷ್ಟು ದಿನ ತಡೆದಿದ್ದೀಯ ಎಂದೆ.

"ಮುಂದ ಹೋಗತೈತೋ ಇಲ್ಲೋ?" ಎಂದಳು ಅವ್ವ.

ಹೋಗುತ್ತದೆ, ಆದರೆ ಎಮ್ಮೆ ನಡೆದ ಹಾಗೆ ಎಂದೆ. ತಾನೇನು ಎಮ್ಮೆಗಿಂತ ಜೋರಾಗಿ ಓಡುವವಳೇ ಎಂದು ಕೇಳಿದಳು. ನಾನು ದನಿ ಎತ್ತಿದೆ. ಇಡೀ ಊರು ಮೊಬೈಲು ಹಿಡಿದು ನಿಲ್ಲುತ್ತದೆ, ವರ್ಷವಿಡೀ ಮಾಡಿದ ಗಾಡಿ ನೋಡು ಎಂದು ನಗುತ್ತದೆ, ನನಗೆ ಆಗುವುದಿಲ್ಲ ಎಂದೆ. ಅವ್ವ ನನ್ನ ಮಾತು ಮುಗಿಯುವ ತನಕ ಕಾದಳು.

"ಹತ್ತ ತಿಂಗಳಾತು ತಮ್ಮಾ. ನೀ ಕೆಲಸ ಮುಗಸಲಿ ಅಂತ ಬಿಟ್ಟೆ. ನಿನ್ನ ಮರ್ಯಾದಿ ಸಲುವಾಗಿನೂ ಬಿಡಬೇಕೇನು?"

ಎಪ್ಪತ್ತಾರು ವರ್ಷದವಳು ಎರಡು ತಿಂಗಳನ್ನು ನನ್ನಷ್ಟು ಸಲೀಸಾಗಿ ಎಣಿಸಲಾರಳು ಎಂಬುದು ನನಗೆ ಆಗ ಹೊಳೆಯಿತು. ನಾಚಿಕೆಯಾಯಿತು. ಎದ್ದು ಹೋಗಿ ಗಾಡಿ ಒರೆಸಿದೆ.

ಅಕ್ಷಯ ತೃತೀಯದ ಬೆಳಿಗ್ಗೆ ಅವ್ವ ಬಿಳಿ ಸೀರೆ ಉಟ್ಟು, ಅರ್ಘ್ಯದ ತಟ್ಟೆ ಹಿಡಿದು, ಗೆಳೆಯನ ಹೆಗಲ ಆಸರೆಯಲ್ಲಿ ಕೌದಿಯ ಮೇಲೆ ಕೂತಳು. ಡಾಂಬರು ರಸ್ತೆಗೆ ಇಳಿಸಬಾರದು, ತೋಟದ ದಾರಿ ಮತ್ತು ಬಸದಿಯ ಓಣಿ ಅಷ್ಟೇ ಎಂದು ಹೆಂಡತಿ ಮೊದಲೇ ಕರಾರು ಹಾಕಿದ್ದಳು. ರಿವರ್ಸ್ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಹೆಂಡತಿ ಒಂದು ಬದಿ, ಗೆಳೆಯ ಇನ್ನೊಂದು ಬದಿ, ಗಾಡಿಯ ಜೊತೆ ನಡೆದೇ ಬಂದರು. ಹೆಂಡತಿ ನಡುವೆ ಚಪ್ಪಲಿಯೊಳಗಿನ ಹರಳು ತೆಗೆಯಲು ನಿಂತವಳು, ನಾಲ್ಕು ಹೆಜ್ಜೆಯಲ್ಲಿ ಮತ್ತೆ ಬಂದು ಸೇರಿಕೊಂಡಳು.

ಓಣಿಗೆ ಬಂದಾಗ ನಾನು ತಲೆ ತಗ್ಗಿಸಿದ್ದೆ. ಡಬ್ ಡಬ್ ಸದ್ದಿಗೆ ಬಾಗಿಲು ಬಾಗಿಲಿಗೂ ಜನ ಬಂದಿದ್ದರು. ನಕ್ಕರು, ಸುಳ್ಳೇಕೆ ಹೇಳಲಿ. ಬೆಲ್ಲ ಬಿಟ್ಟ ಮುದುಕಿ ಕೊಪ್ಪರಿಗೆಯಲ್ಲಿ ಕೂತು ಹೊರಟಳು ಎಂದು ಯಾರೋ ಅಂದದ್ದೂ ಕೇಳಿಸಿತು. ಅದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವ್ವ. ಆಮೇಲೆ ನಡೆದದ್ದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಸದಿಗೆ ಹೊರಟಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಗಾಡಿಯ ಜೊತೆ ಹೆಜ್ಜೆ ಹಾಕತೊಡಗಿದರು. ಯಾರ ಸೊಸೆ ಹಡೆದಳು, ಯಾರ ಎಮ್ಮೆ ಕರು ಹಾಕಿತು, ಯಾರ ಮನೆಯ ಉಪ್ಪಿನಕಾಯಿಗೆ ಬೂಸ್ಟು ಬಂತು ಎಂದು ಅವ್ವನ ಎರಡೂ ಕಿವಿಗೆ ಎರಡು ಕಡೆಯಿಂದ ಸುದ್ದಿ. ಅವ್ವ ಸೀಟಿನಲ್ಲಿ ಕೂತಿದ್ದಳು ನಿಜ. ಆದರೆ ಆ ಗುಂಪಿನಲ್ಲಿ ಅವಳೂ ನಡೆಯುತ್ತಿದ್ದಾಳೆ ಎಂದೇ ನನಗೆ ಅನಿಸಿತು.

ಓಣಿಯ ತಿರುವಿನ ಮನೆಯ ಕಟ್ಟೆಯ ಮೇಲೆ ಅವ್ವನ ವಾರಿಗೆಯವಳೊಬ್ಬಳು ಮಂಚದಲ್ಲಿ ಮಲಗಿದ್ದಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಅವಳು ಹಾಸಿಗೆ ಹಿಡಿದು ವರ್ಷವಾಗಿತ್ತು, ಅವ್ವನಿಗೆ ನಡೆಯುವ ಕಾಲಿಲ್ಲ, ಹೀಗಾಗಿ ಒಬ್ಬರನ್ನೊಬ್ಬರು ನೋಡಿರಲಿಲ್ಲ. ನಿಲ್ಲಿಸು ಎಂದಳು ಅವ್ವ. ನಿಲ್ಲಿಸುವ ಅಗತ್ಯವೇ ಬೀಳಲಿಲ್ಲ. ಅವಳು ಮಂಚದಿಂದ ಕೈ ಚಾಚಿದಳು, ಅವ್ವ ಸೀಟಿನಿಂದ ಕೈ ಚಾಚಿ ಹಿಡಿದಳು. ಗಾಡಿಯ ವೇಗಕ್ಕೆ ಅವಸರವಿರಲಿಲ್ಲ. ಮಂಚದ ತುದಿ ದಾಟುವ ತನಕ ಇಬ್ಬರೂ ಕೈ ಬಿಡದೆ ಮಾತಾಡಿದರು. ಏನು ಮಾತಾಡಿದರೋ ಇಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ.

ಬಸದಿಯಲ್ಲಿ ಅವ್ವ ದರ್ಶನ ಮಾಡಿದಳು, ಅಭಿಷೇಕ ನೋಡಿದಳು. ಹೊರಗಿನ ಕಟ್ಟೆಗೆ ಬಂದು ಕೂತಾಗ ನನ್ನ ಹೆಂಡತಿ ಸೆರಗಿನ ಗಂಟಿನಿಂದ ಬೆಲ್ಲದ ಹೆಂಟೆ ತೆಗೆದುಕೊಟ್ಟಳು. ಅವ್ವ ಣಮೋಕಾರ ಮಂತ್ರ ಹೇಳಿಕೊಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಗೆಳೆಯ, ಹೆಂಡತಿ, ನಾನು ಮೂವರೂ ಅವಳ ಬಾಯನ್ನೇ ನೋಡುತ್ತ ನಿಂತೆವು. ಬಹಳ ಹೊತ್ತು ಚಪ್ಪರಿಸಿ, ಕಣ್ಣು ತೆರೆದು, ಪಾಕ ಸ್ವಲ್ಪ ಏರಿದೆ ಎಂದಳು. ಇನ್ನೊಂದು ಹೆಂಟೆಗೆ ಕೈಯೊಡ್ಡಿದಳು.

ಮಧ್ಯಾಹ್ನ ಊಟವಾದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ನೇಮವೇನೋ ಮುಗಿಯಿತು, ಇನ್ನು ನಿಧಾನಕ್ಕೆ ಗಾಡಿ ಸರಿಮಾಡೋಣ ಎಂದು ಹಿತ್ತಲಿಗೆ ಹೋಗಿ, ಹಿಂದಿನ ಅಚ್ಚಿನ ಕೆಳಗೆ ಜಾಕು ಹಚ್ಚಿ ಗಾಲಿ ಎತ್ತಿದೆ. ಪಾನಾ ಹಾಕಿ ಮೊದಲ ನಟ್ಟು ಸಡಿಲಿಸುವ ಹೊತ್ತಿಗೆ ಅವ್ವ ಬಾಗಿಲಿಗೆ ಬಂದಳು. ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ಅಚ್ಚು ಬೋರಲು ಹಾಕುತ್ತೇನೆ, ಆಮೇಲೆ ಎಲ್ಲ ಗೇರು ಮುಂದಕ್ಕೆ ಹೋಗುತ್ತವೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ನಿನ್ನನ್ನು ಬಸದಿಗೆ ಮುಟ್ಟಿಸುತ್ತೇನೆ ಎಂದೆ.

"ಕಣ್ಣ ಮುಚ್ಚಕೊಂಡ ಹೋಗಾಕ ರಿಕ್ಷಾ ಅದಾವಲ್ಲ," ಎಂದಳು. "ಎರಡ ವರ್ಷದ ಮ್ಯಾಲ ಇವತ್ತ ನಾ ಮಂದಿ ಜೋಡಿ ನಡಕೋತ ಬಸದಿಗೆ ಹೋಗೇನಿ. ಆ ಅಚ್ಚಿಗೆ ಕೈ ಹಚ್ಚಿದಿ ಅಂದ್ರ ನಾಳಿಂದ ಮತ್ತ ಬೆಲ್ಲಾ ಬಿಡತೇನಿ ನೋಡು."

ನಾನು ನಟ್ಟು ಬಿಗಿದು ಜಾಕು ಇಳಿಸಿದೆ.